ಮೊದಲ ನೀರು

"ತಗಿಯೇ ಕೈಯ! ನೀರಿಂದ ತಗಿಯೇ ಹಂದಿ ಮುಂಡೆ!"

ತೊಯೊ ಅರಚಿದ ರಭಸಕ್ಕೆ ಕ್ಯಾಂಪಿನ ಸ್ನಾನದ ಮನೆಯಲ್ಲಿ ಮೈ ಉಜ್ಜಿಕೊಳ್ಳುತ್ತಿದ್ದ ಹೆಂಗಸರೆಲ್ಲ ಕೈ ನಿಲ್ಲಿಸಿ ತಿರುಗಿದರು. ಮುದುಕಿ ಉಶಿ ತೊಟ್ಟಿಗೆ ಕೈ ಅದ್ದಿರಲಿಲ್ಲ. ತೊಟ್ಟಿಯ ಪಕ್ಕದ ಮರದ ಬಕೆಟ್ಟಿನಲ್ಲಿ ಎರಡು ಬೆರಳಿಟ್ಟು ಬಿಸಿ ನೋಡಿದ್ದಳು, ಅಷ್ಟೆ. ತೊಯೊ ಆ ಬಕೆಟ್ಟನ್ನು ಕಿತ್ತುಕೊಂಡು ನೀರನ್ನು ಮುದುಕಿಯ ಕಾಲಿನ ಮೇಲೆಯೇ ಚೆಲ್ಲಿದಳು. ಆಮೇಲೆ ಒಲೆಯ ಬೂದಿ ತರಿಸಿ, ಎಲ್ಲರಿಗೂ ಕಾಣುವ ಹಾಗೆ, ಬಕೆಟ್ಟನ್ನು ತಿಕ್ಕತೊಡಗಿದಳು.

"ತೊಯೊ ಅಕ್ಕ, ಮುದ್ಕಿಗೆ ಕೈಕಾಲು ಸೇದ್ಕಬುಟ್ಟವೆ ಕಣಕ್ಕ," ಅಂದಳು ಉಶಿಯ ಸೊಸೆ ಮಕತೊ. "ಎಲ್ರುದೂ ಮುಗಿಯೋಗಂಟ ಆಚೆ ಗಾಳೀಲಿ ಕೂತ್ಕಳಕಾಗಕಿಲ್ಲ. ಇವತ್ತೊಂದ್ ಜಿನ ಬುಡು. ತೊಟ್ಟಿಗಿಳಿಯೋದ್ ಬ್ಯಾಡ, ಒಂದೆರಡು ಚೊಂಬು ಮೈಮ್ಯಾಲ್ ಉಯ್ಕಂಡ್ ಹೋಯ್ತೀವಿ."

"ಇವತ್ತು ಚೊಂಬು, ನಾಳೆ ತೊಟ್ಟಿ, ನಾಡಿದ್ದು ನಮ್ ತಲೆ ಮೇಲೆ. ಆ ಮಸಿ ಕೈ ಅದ್ದಿದ್ರೆ ನೀರಿಗೆ ಬಣ್ಣ ಬಿಡಲ್ವಾ? ನಿನ್ ಮಸಿ ನೀರಲ್ಲಿ ನಾವು ಮುಳುಗಿ ಏಳ್ಬೇಕಾ?"

"ಬಣ್ಣ ಬಿಟ್ರೆ ಬಿಡ್ಲಿ ಅತ್ಲಾಗೆ," ಅಂದಳು ಮೂಲೆಯಲ್ಲಿ ಕೂತವಳೊಬ್ಬಳು. "ಹಂದಿ ವಾಸ್ನೆ ಬಿಡುತ್ತಲ್ಲ, ಅದಕ್ಕೇನ್ ಮಾಡೋದು!"

ಹೆಂಗಸರು ನಕ್ಕರು. ಉಶಿ ತನ್ನ ಎರಡೂ ಕೈಗಳನ್ನು ಕಂಕುಳಲ್ಲಿ ಅವುಚಿಕೊಂಡಳು. ಎಪ್ಪತ್ತು ದಾಟಿದ ಮುದುಕಿ, ಬೆತ್ತಲೆ ನಿಂತವಳು, ಮೈಯನ್ನು ಬಿಟ್ಟು ಕೈಗಳನ್ನು ಮುಚ್ಚಿಕೊಂಡದ್ದನ್ನು ಮಕತೊ ನೋಡಿದಳು. ಅತ್ತೆಯ ಮೇಲೆ ಬಟ್ಟೆ ಎಸೆದು, ಬೆನ್ನ ಮೇಲೆ ಹೊತ್ತು ಹೊರಕ್ಕೆ ಬಂದಳು.

ಹವಾಯಿಯ ಆ ಕಬ್ಬಿನ ತೋಟದಲ್ಲಿ ಜಪಾನಿಯರ ಕ್ಯಾಂಪಿಗೆ ಇದ್ದದ್ದು ಒಂದೇ ಸ್ನಾನದ ಮನೆ, ಒಂದೇ ದೊಡ್ಡ ಮರದ ತೊಟ್ಟಿ. ಹೊರಗಿನಿಂದ ಒಲೆ. ಮೊದಲು ಒಳನಾಡಿನ ಗಂಡಸರು, ಅಂದರೆ ಹಿರೋಶಿಮಾ, ಯಾಮಾಗುಚಿ ಕಡೆಯಿಂದ ಬಂದವರು. ಆಮೇಲೆ ಅವರ ಹೆಂಗಸರು, ಮಕ್ಕಳು. ಅವರೆಲ್ಲ ಮಿಂದು, ಮನೆಗೆ ಹೋಗಿ ಉಂಡು, ಬಾಯಿ ತೊಳೆದ ಮೇಲೆ ಜಪಾನಿನ ದಕ್ಷಿಣದ ತುದಿಯ ಓಕಿನಾವಾ ದ್ವೀಪದವರ ಸರದಿ. ಅಷ್ಟು ಹೊತ್ತಿಗೆ ತೊಟ್ಟಿಯ ನೀರು ಕಲಗಚ್ಚಾಗಿರುತ್ತಿತ್ತು. ಮೇಲೆ ಕೊಳೆಯ ಕೆನೆ, ಕೂದಲು, ಯಾರದೋ ಗಾಯಕ್ಕೆ ಕಟ್ಟಿದ್ದ ಬಟ್ಟೆಯ ಚೂರು. ಅದನ್ನು ಆಚೀಚೆ ಸರಿಸಿ ಇಳಿಯಬೇಕು. ಸ್ನಾನಕ್ಕೆ ತೆರುವ ದುಡ್ಡು ಮಾತ್ರ ಎಲ್ಲರಿಗೂ ಒಂದೇ.

ಆ ತೊಟ್ಟಿಗೆ ದಿನಾ ನೀರು ಹೊತ್ತು ತುಂಬಿಸುವವಳು ಇದೇ ಮಕತೊ. ತೋಟದ ಸೀಟಿ ಕೂಗುವ ಮೊದಲೇ ಎದ್ದು, ಹೆಗಲಡ್ಡೆಗೆ ಎರಡು ಡಬ್ಬ ಕಟ್ಟಿ, ಕಾಲುವೆಯಿಂದ ಹೊರುತ್ತಿದ್ದಳು. ಒಲೆ ಉರಿಸುವವನು ಅವಳ ಗಂಡ ಸೇತೊಕು. ಕಬ್ಬಿನ ರೈಲಿನ ಗಾಲಿಗೆ ಅವನ ಎಡಗಾಲು ಹೋದಮೇಲೆ ಬಿಳಿಯ ದೊರೆ ಕೊಟ್ಟ ಕೆಲಸ ಅದು. ಕೆಲಸದ ಜೊತೆಗೆ ಹಂದಿಗೂಡಿನ ಪಕ್ಕದ ಮುರುಕಲು ಲೈನುಮನೆ. ತೊಯೊಳ ಗಂಡನ ಹೆಸರು ಮುರಶಿಗೆ, ಸ್ನಾನದ ಮನೆಯ ಯಜಮಾನಿಕೆ ಹಿಡಿದವನು. ಅವನು ಬೇಡ ಅಂದರೆ ಒಲೆ ಇಲ್ಲ, ಒಲೆ ಇಲ್ಲದಿದ್ದರೆ ಮನೆ ಇಲ್ಲ.

ಹೊರುವಾಗ ಮಸಿ ಬಿಡದ ಕೈ ಮೀಯುವಾಗ ಮಾತ್ರ ಬಿಡುತ್ತಿತ್ತು. ಈ ಚೋದ್ಯವನ್ನು ಕ್ಯಾಂಪಿನಲ್ಲಿ ಯಾರೂ ಯಾರನ್ನೂ ಕೇಳಿರಲಿಲ್ಲ.

ಕೈಯೇನೋ ನಿಜವಾಗಿ ಕಪ್ಪಗಿತ್ತು. ಓಕಿನಾವಾದ ಹೆಣ್ಣುಮಕ್ಕಳಿಗೆ ಹನ್ನೆರಡು ಹದಿಮೂರಕ್ಕೆ ಕೈಗೆ ಹಚ್ಚೆ ಹುಯ್ಯುತ್ತಿದ್ದರು. ಬೆರಳುಗಳ ಮೇಲೆ ಬಾಣದ ಮೊನೆ, ಗೆಣ್ಣುಗಳ ಮೇಲೆ ದುಂಡು ಬೊಟ್ಟು, ಮಣಿಕಟ್ಟಿನ ಮೂಳೆಯ ಮೇಲೆ ನಕ್ಷತ್ರ. ಅಕ್ಕಿಸಾರಾಯಿಯಲ್ಲಿ ಮಸಿ ತೇಯ್ದು, ಸೂಜಿಯ ಕಟ್ಟಿನಿಂದ ಚುಚ್ಚುವಾಗ ಸುತ್ತ ಕೂತ ಹೆಂಗಸರು ಹಾಡು ಹೇಳಿ, ನೋವು ಮರೆಸಲು ಕಪ್ಪು ಬೆಲ್ಲ ಬಾಯಿಗಿಡುತ್ತಿದ್ದರು. ಉಶಿಯ ಹಚ್ಚೆ ಊರಿಗೇ ಚೆಂದದ್ದು ಅನ್ನಿಸಿಕೊಂಡದ್ದು. ಮದುವೆಯಾದ ಹೊಸದರಲ್ಲಿ ಅವಳು ಸಂತೆಗೆ ಹೋದರೆ ಹೆಂಗಸರು ಕೈ ಹಿಡಿದು ನೋಡುತ್ತಿದ್ದರಂತೆ. ಅದೇ ಕೈಯನ್ನು ಈಗ ಕಂಕುಳಲ್ಲಿ ಅಡಗಿಸಿಕೊಂಡಿದ್ದಳು.

"ಬುಡ್ಲಾ ಮಗಾ, ಅಳಬ್ಯಾಡ," ಅಂದಳು ಸೊಸೆಯ ಬೆನ್ನ ಮೇಲಿಂದ. ಸೊಸೆಯನ್ನೂ ಗಂಡುಮಗನ ಹಾಗೆ ಮಾತಾಡಿಸುವುದು ಅವಳ ರೂಢಿ.

"ನಾನೆಲ್ಲತ್ತೆ ಅಳ್ತಾವ್ನಿ?"

"ನಂಗೆ ಬೆನ್ನು ಗೊತ್ತಾಯ್ತದೆ." ಸ್ವಲ್ಪ ದೂರ ಹೋದಮೇಲೆ ಮತ್ತೆ ಅಂದಳು: "ಸತ್ ಮ್ಯಾಲೆ ನೀನೆಂಗೂ ನನ್ನ ಒಳ್ಳೆ ನೀರಲ್ಲೇ ತೊಳೀತೀಯ. ಅದು ನಂಗೊತ್ತು. ಆದ್ರೆ ಆಗ ನಂಗೇನ್ ಗೊತ್ತಾದದು ಯೋಳು? ಬದ್ಕಿರ್ವಾಗ್ಲೇ ಒಂದ್ಸಲ ಮೊದಲ್ನೇ ನೀರಲ್ಲಿ ಕೂತ್ಕಬೇಕು ಕನ. ಯಾರೂ ಇಳೀದಿದ್ ನೀರು. ತಳ ಕಾಣೋ ಅಂಥಾದ್ದು."

ಆ ಮಾತು ಮಕತೊಳ ಮನಸ್ಸಿಗೆ ಮುಳ್ಳಿನ ಹಾಗೆ ಚುಚ್ಚಿಕೊಂಡು ಅಲ್ಲೇ ಉಳಿಯಿತು.

*

ಕಬ್ಬಿನ ಗದ್ದೆಯಲ್ಲಿ ಎಲ್ಲರ ಕೈಯೂ ಒಂದೇ. ಕಬ್ಬಿನ ಗರಿ ಕೊಯ್ಯಬಾರದೆಂದು ಹೆಂಗಸರು ಬೆರಳಿನ ತುದಿಯವರೆಗೂ ಬಟ್ಟೆ ಸುತ್ತಿಕೊಳ್ಳುತ್ತಿದ್ದರು. ಯಾರು ಒಳನಾಡಿನವಳು, ಯಾರು ಓಕಿನಾವಾದವಳು ಎಂದು ಕುದುರೆಯ ಮೇಲೆ ಕೂತ ಪೋರ್ಚುಗೀಸ್ ಮೇಸ್ತ್ರಿಗೆ ತಿಳಿಯುತ್ತಿರಲಿಲ್ಲ. ತಿಳಿದುಕೊಳ್ಳುವ ಹಂಬಲವೂ ಅವನಿಗಿರಲಿಲ್ಲ. ಎಲ್ಲರನ್ನೂ ಒಂದೇ ಬೈಗುಳದಲ್ಲಿ ಬೈಯುತ್ತಿದ್ದ, ಒಂದೇ ಚಾವಟಿ ಬೀಸುತ್ತಿದ್ದ. ಆ ಮಟ್ಟಿಗೆ ನ್ಯಾಯವಂತ.

ಬಿಸಿಲು ನೆತ್ತಿಗೇರಿದಾಗ, ಪಕ್ಕದ ಸಾಲಿನಲ್ಲಿ ಕಳೆ ಕೆತ್ತುತ್ತಿದ್ದ ಸುಮಿಯೆ ಗುದ್ದಲಿ ಊರಿಕೊಂಡು ನಿಂತುಬಿಟ್ಟಳು. ತೊಯೊಳ ಸೊಸೆ. ಬಸುರಿ, ಮುಖ ಬಿಳಿಚಿತ್ತು. ಅವಳ ಬಾಟಲಿ ಯಾವಾಗಲೋ ಖಾಲಿಯಾಗಿತ್ತು. ಮೇಸ್ತ್ರಿಯ ಕುದುರೆ ಕಟ್ಟಿದ್ದ ಮರದ ನೆರಳಲ್ಲಿ ಅವನ ನೀರಿನ ಪೀಪಾಯಿ ಇತ್ತು, ಅದರ ಮೇಲೆ ತಗಡಿನ ಲೋಟ. ಸುಮಿಯೆ ಆಕಡೆ ಈಕಡೆ ನೋಡಿ, ಹೋಗಿ, ಲೋಟ ಅದ್ದಿ ಬಾಯಿಗಿಟ್ಟಳು.

ಒಂದು ಗುಟುಕು ಇಳಿದಿತ್ತೋ ಇಲ್ಲವೋ, ಮೇಸ್ತ್ರಿಯ ಬೂಟು ಬಂದು ಲೋಟಕ್ಕೆ ಬಡಿಯಿತು. ಸುಮಿಯೆಯ ತುಟಿ ಒಡೆಯಿತು. "ಹಲ್ಕಾ ಜಪಾನಿ ಲೌಡಿ! ನಿನ್ ಬಾಯಿಟ್ಟ ನೀರು ನಾನ್ ಕುಡೀಬೇಕಾ? ಥೂ!" ಪೀಪಾಯಿಯನ್ನು ಒದ್ದು ಉರುಳಿಸಿದ. ನೀರೆಲ್ಲ ಕೆಂಪು ಮಣ್ಣಿಗೆ ಹರಿದು ಹೋಯಿತು. ಬಸುರಿ ಹೆಂಗಸು ಮಂಡಿಯೂರಿ, ತಲೆ ನೆಲಕ್ಕೆ ಹಚ್ಚಿ, ತಪ್ಪಾಯಿತು ತಪ್ಪಾಯಿತು ಎಂದು ಬೇಡಿಕೊಂಡಳು. ಅವನಿಗೆ ಆ ಭಾಷೆ ಬರುತ್ತಿರಲಿಲ್ಲ.

ಅವನ ಕುದುರೆ ತಿರುವು ದಾಟುವವರೆಗೂ ಯಾರೂ ತಲೆಯೆತ್ತಲಿಲ್ಲ. ಆಮೇಲೆ ಮಕತೊ ಸಾಲು ದಾಟಿ ಬಂದಳು. ಕೈಗೆ ಸುತ್ತಿದ್ದ ಬಟ್ಟೆ ಬಿಚ್ಚಿ, ತನ್ನ ಬಾಟಲಿಯ ಬಿರಡೆ ಕಿತ್ತು ಚಾಚಿದಳು. ಹಚ್ಚೆಯ ಬೆರಳುಗಳು ಸುಮಿಯೆಯ ಮೂಗಿನ ಹತ್ತಿರವೇ ಇದ್ದವು. ಸುಮಿಯೆ ಅವನ್ನು ನೋಡಿದಳು. ಬಾಟಲಿ ಕಿತ್ತುಕೊಂಡು, ಉಸಿರು ಬಿಡದೆ, ತಳದವರೆಗೂ ಕುಡಿದಳು.

"ನಿಮ್ಮತ್ತೆ ನೆನ್ನೆ ಹಿಂಗೇ ಬಕೇಟ್ ಚೆಲ್ಲುದ್ಲು," ಅಂದಳು ಮಕತೊ.

ಸುಮಿಯೆ ತುಟಿಯ ರಕ್ತ ಒರೆಸಿಕೊಂಡಳು. "ಕುಡಿದೆ ಅಂತ ಕ್ಯಾಂಪಲ್ಲಿ ಹೇಳ್ಬೇಡಿ ಅಕ್ಕ," ಅಂದಳು. "ನಿಮ್ ಕಾಲಿಗೆ ಬೀಳ್ತೀನಿ. ಅತ್ತೆ ನನ್ನ ಒಳಗೇ ಸೇರ್ಸಲ್ಲ."

ಮಕತೊ ಖಾಲಿ ಬಾಟಲಿ ತಗೊಂಡು ತನ್ನ ಸಾಲಿಗೆ ಹೋದಳು. ಸಂಜೆಯವರೆಗೂ ಅವಳಿಗೆ ಕುಡಿಯಲು ನೀರಿರಲಿಲ್ಲ.

*

ವಾರ ಕಳೆಯುವುದರೊಳಗೆ ಕ್ಯಾಂಪಿನಲ್ಲಿ ಸುದ್ದಿಯೋ ಸುದ್ದಿ. ಹೊನೊಲುಲುವಿನಿಂದ ಜಪಾನ್ ಸರ್ಕಾರದ ದೊಡ್ಡ ಅಧಿಕಾರಿ ಬರುತ್ತಾರೆ, ಬರುವ ಭಾನುವಾರ. ದೊರೆಯೂ ಅವರ ಜೊತೆಗೆ ಬಂದು ಲೈನುಮನೆ ನೋಡುತ್ತಾನೆ. ಗಂಡಸರು ದಾರಿಗೆ ಬಿದಿರಿನ ಕಮಾನು ಕಟ್ಟಿದರು. ಹೆಂಗಸರು ಕೆಂಪು ವೃತ್ತದ ಬಾವುಟ ಹೊಲಿದರು. ಮುಂಭಾಗದ ಮನೆಗಳಿಗೆ ಸುಣ್ಣ ಬಳಿದರು. ಹಂದಿಗೂಡಿನ ಕಡೆಯ ಮನೆಗಳು ಕಾಣದ ಹಾಗೆ ತೆಂಗಿನ ಗರಿಯ ತಡಿಕೆ ಎದ್ದಿತು.

ಶುಕ್ರವಾರ ಸಂಜೆ ಆ ತಡಿಕೆ ಸರಿಸಿಕೊಂಡು ಇಬ್ಬರು ಮಕತೊಳ ಮನೆಗೆ ಬಂದರು. ಮುಂದೆ ಕ್ಯಾಂಪಿನ ಬೌದ್ಧ ಗುಡಿಯ ಗುರುಗಳು, ಹಿಂದೆ ಮುರಶಿಗೆ. ಗುರುಗಳು ಮೂಗಿಗೆ ತೋಳು ಅಡ್ಡ ಹಿಡಿದಿದ್ದರು. ಸೇತೊಕು ಊರುಗೋಲನ್ನು ಎಸೆದು, ಇದ್ದ ಒಂದೇ ಮಂಡಿಯ ಮೇಲೆ ಬಾಗಿದ.

"ಬುದ್ದೀ... ನೀವ್ಯಾಕೆ ಈ ಕೊಚ್ಚೇಗ್ ಬಂದ್ರಿ? ಯೋಳ್ ಕಳ್ಸಿದ್ರೆ ನಾನೇ ಬತ್ತಿದ್ನಲ್ಲ."

ಗುರುಗಳು ಕೂರಲಿಲ್ಲ. ಕೂರಲು ಅಲ್ಲಿ ಏನೂ ಇರಲೂ ಇಲ್ಲ. ಒಂದು ಕಟ್ಟನ್ನು ಹೊಸಿಲ ಮೇಲೆ ಇಟ್ಟರು. ಬಿಳಿಯ ಹತ್ತಿಬಟ್ಟೆಯ ಕೈಗವಸುಗಳು.

"ಭಾನುವಾರ ನಿಮ್ಮ ಹೆಂಗಸರೆಲ್ಲ ಇವನ್ನು ಹಾಕಿಕೊಳ್ಳಬೇಕು. ಬೆಳಗಿನಿಂದ ಸಾಹೇಬರು ಹೊರಡುವವರೆಗೂ ತೆಗೆಯಬಾರದು. ಬಿಳಿಯರು ಆ ಕೈ ನೋಡಿದರೆ ಏನೆಂದುಕೊಳ್ಳುತ್ತಾರೆ? ಜಪಾನಿಯರೂ ಕಾಡುಜನ ಎಂದುಕೊಳ್ಳುತ್ತಾರೆ. ಮೊದಲೇ ನಮ್ಮನ್ನು ಕೀಳಾಗಿ ಕಾಣುತ್ತಾರೆ. ನಾವೆಲ್ಲರೂ ಒಬ್ಬನೇ ಚಕ್ರವರ್ತಿಯ ಮಕ್ಕಳು, ತಿಳಿಯಿತೆ? ಒಬ್ಬರ ಅವಮಾನ ಎಲ್ಲರ ಅವಮಾನ."

"ತಿಳೀತು ಬುದ್ದಿ," ಅಂದ ಸೇತೊಕು.

"ಇನ್ನೊಂದು," ಅಂದ ಮುರಶಿಗೆ. ಅವನ ಕಣ್ಣು ಗೂಡಿನಲ್ಲಿ ಬಿದ್ದುಕೊಂಡಿದ್ದ ಹಂದಿಯ ಮೇಲಿತ್ತು. "ಊಟಕ್ಕೆ ಮೀನು ಸಾಲಲ್ಲ. ದೊರೆ ಬೇರೆ ಕೂತ್ಕತಾನೆ. ಆ ಹಂದಿ ಕೊಯ್ದು ಕೊಡಿ."

ಮಕತೊ ಒಳಗಿಂದ ಹೊರಬಂದಳು. ಆ ಹಂದಿಗೆ ಅವಳು ಮನೆಮನೆ ಸುತ್ತಿ ಕಲಗಚ್ಚು ಬೇಡಿ ತಂದಿದ್ದಳು. ಎಷ್ಟೋ ಮನೆಗಳಲ್ಲಿ ಡಬ್ಬಕ್ಕೆ ಹಾಕುವ ಬದಲು ಅವಳ ಕಾಲಿಗೇ ಎರಚಿದ್ದರು. ವರ್ಷದ ಕೊನೆಗೆ ಕೊಯ್ದು, ಉಪ್ಪು ಹಚ್ಚಿ, ವರ್ಷವೆಲ್ಲ ಚೂರು ಚೂರೇ ಮುದುಕಿಗೆ ಗಂಜಿಯಲ್ಲಿ ಬೇಯಿಸಿ ಹಾಕುವ ಲೆಕ್ಕ ಅದು.

"ಹಂದಿ ವಾಸ್ನೆ ಅಂತೀರಿ," ಅಂದಳು. "ತಿನ್ನಕೆ ವಾಸ್ನೆ ಬರಾಕಿಲ್ವಾ?"

"ಏ ಮುಚ್ಚಮ್ಮಿ ಬಾಯ!" ಅಂದ ಸೇತೊಕು.

"ನಾ ಕೊಡಕಿಲ್ಲ ಅನ್ನಾಕಿಲ್ಲ. ಕೊಡ್ತೀನಿ. ಕೈಗೂಡೂ ಹಾಕ್ಕತೀನಿ. ಸ್ವಾಮೇರು ನಂಗೊಂದು ಮಾತು ಕೊಡ್ಬೇಕು. ಭಾನುವಾರ ತೊಟ್ಟಿ ತೊಳ್ದು ಹೊಸಾ ನೀರು ತುಂಬ್ತೀನಲ್ಲ, ಆ ನೀರ್ಗೆ ನಮ್ಮತ್ತೆ ಮೊದ್ಲು ಇಳೀಬೇಕು. ಒಂದೇ ಒಂದ್ ಸಲ. ಆಮ್ಯಾಲೆ ಬೇಕಾದ್ರೆ ಅದ್ನೂ ಚೆಲ್ಲಿ, ತಿರ್ಗಾ ನಾನೇ ತುಂಬ್ತೀನಿ. ಒಂದೊತ್ನಲ್ಲೇ ಎರಡ್ ಸಲ ಹೊತ್ರೂ ಸರಿಯೇ."

ಮುರಶಿಗೆ ಬಾಯಿ ತೆರೆದ. ಗುರುಗಳು ಕೈಯೆತ್ತಿ ತಡೆದರು. ಒಳಗೆ ಚಾಪೆಯ ಮೇಲೆ ಒರಗಿದ್ದ ಮುದುಕಿಯನ್ನು ನೋಡಿದರು, ಹಂದಿಯನ್ನು ನೋಡಿದರು. ಹಂದಿ ದುಂಡಗೆ ಬೆಳೆದಿತ್ತು.

"ಸಾಹೇಬರು ಬರುವುದು ಮಧ್ಯಾಹ್ನದ ಮೇಲೆ," ಅಂದರು. "ಬೆಳಗ್ಗೆ ನೀರು ಕಾಯಿಸಿ ಮುದುಕಿಗೆ ಮೀಯಿಸು. ನಾನು ಹೇಳಿದ್ದೇನೆಂದು ಹೇಳು." ಜಪಮಣಿಯನ್ನು ಹಣೆಗೆ ಒತ್ತಿಕೊಂಡರು.

ಜಪಮಣಿ ಮುಟ್ಟಿ ಕೊಟ್ಟ ಮಾತು. ಅವರು ಹೋದಮೇಲೆ ಮಕತೊ ಅತ್ತೆಯ ಪಕ್ಕ ಕೂತು ಎರಡೆರಡು ಸಲ ಹೇಳಿದಳು. ಉಶಿ ನಂಬಲೇ ಇಲ್ಲ. ನಂಬಿದಮೇಲೆ ತನ್ನ ಎರಡೂ ಕೈಗಳನ್ನು ಕಣ್ಣ ಮುಂದೆ ಹಿಡಿದು ತಿರುಗಿಸಿ ನೋಡಿಕೊಂಡಳು.

"ಗೆಣ್ಣಿನ್ ಸಂದೀಲೆಲ್ಲ ಕೊಳೆ ಕೂತದೆ ಕನ ಮಗಾ. ಮೇಲೋದಾಗ ನಮ್ಮವ್ವ ಬಾಗ್ಲಲ್ಲಿ ಮೊದ್ಲು ಕೈ ನೋಡ್ತಾಳೆ. ಹಚ್ಚೆ ಕಾಣ್ದಿದ್ರೆ ಒಳೀಕ್ ಬುಡಕಿಲ್ಲ. ನೀಟಾಗ್ ಉಜ್ಜು, ಏನು?"

ಶನಿವಾರ ಹಂದಿಯ ಕೊರಳಿಗೆ ಚಾಕು ಬಿತ್ತು. ಮುರಶಿಗೆ ತಲೆಯನ್ನೂ ಕಾಲನ್ನೂ ಬಿಡದೆ ಎತ್ತಿಸಿಕೊಂಡು ಹೋದ. ಕರುಳು ಉಳಿಯಿತು.

*

ಭಾನುವಾರ ಕೋಳಿ ಕೂಗುವ ಮುಂಚೆ ಮಕತೊ ತೊಟ್ಟಿಗಿಳಿದು ತಳ ಗೀಚಿ ತೊಳೆದಳು. ಕಾಲುವೆಗೂ ತೊಟ್ಟಿಗೂ ಅಡ್ಡಾಡಿ ಹೆಗಲು ಬಾತುಕೊಂಡಿತು. ಬಿಳಿಯ ಕೈಗವಸು ಹಾಕಿಕೊಂಡೇ ಹೊತ್ತಳು, ಮಾತಿಗೆ ತಪ್ಪಬಾರದಲ್ಲ. ಸೇತೊಕು ಒಲೆ ಹಚ್ಚಿದ. ನೀರು ತಿಳಿಯಾಗಿ ನಿಂತು, ತಳದ ಹಲಗೆಯ ಗಂಟುಗಳು ಕೂಡ ಕಾಣುತ್ತಿದ್ದವು. ಹಬೆ ಏಳುವ ಹೊತ್ತಿಗೆ ಅವಳು ಮನೆಗೆ ಓಡಿ ಅತ್ತೆಯನ್ನು ಬೆನ್ನಿಗೆ ಹಾಕಿಕೊಂಡು ಬಂದಳು. ಮುದುಕಿ ಕೈಗವಸು ಹಾಕಿಕೊಂಡು, ಪೆಟ್ಟಿಗೆಯ ತಳದಲ್ಲಿದ್ದ ಬಾಳೆನಾರಿನ ನಿಲುವಂಗಿ ಉಟ್ಟಿದ್ದಳು, ಮದುವೆಯಲ್ಲಿ ಉಟ್ಟದ್ದು.

ಬಾಗಿಲಲ್ಲಿ ತೊಯೊ ಅಡ್ಡ ನಿಂತಿದ್ದಳು.

"ಎಲ್ಲಿಗೆ ಮೆರವಣಿಗೆ?"

"ಗುರುಗಳು ಯೋಳವ್ರೆ ತೊಯೊ ಅಕ್ಕ. ಅವ್ರನ್ನೇ ಕೇಳು."

ಗುರುಗಳು ಅಲ್ಲೇ ಇದ್ದರು. ಹೊಸ ರೇಷ್ಮೆಯ ಮೇಲಂಗಿ ತೊಟ್ಟು, ಮುರಶಿಗೆಯ ಜೊತೆ ತೊಟ್ಟಿಯ ಸುತ್ತ ಓಡಾಡಿ, ಹೂವಿನ ಕುಂಡ ಎಲ್ಲಿಡಬೇಕೆಂದು ನೋಡುತ್ತಿದ್ದರು. ಮಕತೊಳ ಕಡೆ ತಿರುಗಲಿಲ್ಲ.

"ಸಾಹೇಬರಿಗೆ ದಾರಿಯ ಧೂಳು. ಬಂದಕೂಡಲೆ ಸ್ನಾನ ಮಾಡುತ್ತಾರಂತೆ," ಅಂದರು ಹೂವಿಗೆ ಹೇಳುವ ಹಾಗೆ. "ಬೇಗ ಬರುತ್ತಾರೆಂದು ಫೋನು ಬಂದಿದೆ. ಇನ್ನೊಂದು ದಿನ ನೋಡೋಣ."

"ಮಣಿ ಮುಟ್ಟಿ ಯೋಳಿದ್ರಿ ಸ್ವಾಮಿ."

"ಇನ್ನೊಂದು ದಿನ ಎಂದೆನಲ್ಲ."

"ಹಂದಿ ತಿರ್ಗಾ ಬತ್ತದಾ ಸ್ವಾಮಿ ಇನ್ನೊಂದ್ ಜಿನ?"

ಮುರಶಿಗೆ ಮುಂದೆ ಬಂದು ಅವಳ ಭುಜಕ್ಕೆ ನೂಕಿದ. ಬೆನ್ನ ಮೇಲಿದ್ದ ಮುದುಕಿ ಗೋಡೆಗೆ ತಾಗಿ ನರಳಿದಳು. "ಹಂದಿ ಲೆಕ್ಕ ಕೇಳ್ತೀಯೇನೇ, ಸೂಳೆ! ಸಾಹೇಬರು ಮುಗಿಸ್ಲಿ, ಗುರುಗಳು ಮುಗಿಸ್ಲಿ, ನಾವು ಮುಗಿಸ್ತೀವಿ, ಆಮೇಲೆ ಬಾ ಯಾವಾಗ್ಲೂ ಬರೋ ಹಾಗೆ. ಹೋಗ್, ಕಟ್ಟಿಗೆ ಎತ್ತಾಕು!"

"ಸಿಂಗಾರ ನೋಡು ಸಿಂಗಾರ," ಅಂದಳು ತೊಯೊ, ಮುದುಕಿಯ ನಿಲುವಂಗಿಯ ಅಂಚನ್ನು ಎರಡು ಬೆರಳಲ್ಲಿ ಎತ್ತಿ. "ಚಟ್ಟ ಏರೋಕೆ ಹೊರಟಂಗಿದೆ."

ಸೊಸೆಯ ಕೊರಳು ಬಳಸಿದ್ದ ಉಶಿಯ ಕೈಗಳು ಸಡಿಲವಾದವು. ಮಕತೊಗೆ ಅದು ಗೊತ್ತಾಯಿತು. ಮುದುಕಿ ಆಸೆ ಬಿಟ್ಟಳು, ಇನ್ನು ಈ ಜೀವ ಹೆಚ್ಚು ದಿನ ನಿಲ್ಲುವುದಿಲ್ಲ ಎಂದು ಅವಳ ಎದೆ ಹೇಳಿತು.

ಅಷ್ಟರಲ್ಲಿ ದಾರಿಯ ಕಡೆಯಿಂದ ಪಟಾಕಿಯ ಸದ್ದು. ಮೋಟಾರು ತಿರುವಿನಲ್ಲಿ ಕಾಣಿಸಿದೆ ಎಂದು ಹುಡುಗರು ಕೂಗಿದರು. ಗುರುಗಳು, ಮುರಶಿಗೆ, ತೊಯೊ, ಎಲ್ಲರೂ ಬಾವುಟ ಹಿಡಿದು ಕಮಾನಿನ ಕಡೆ ಓಡಿದರು. ಸ್ನಾನದ ಮನೆಯ ಬಾಗಿಲು ಹಾರು ಹೊಡೆದಿತ್ತು. ಒಳಗೆ ತೊಟ್ಟಿ ತುಂಬಾ ನೀರು, ಯಾರೂ ಇಳಿಯದ ನೀರು.

ಮಕತೊ ಅತ್ತೆಯನ್ನು ಇಳಿಸಿದಳು. ಒಳಗೆ ಕರೆದೊಯ್ದು ಪೀಠದ ಮೇಲೆ ಕೂರಿಸಿದಳು. ತನ್ನ ಕೈಗವಸು ಕಿತ್ತಳು, ಅತ್ತೆಯ ಕೈಗವಸು ಕಿತ್ತಳು. ನಾಲ್ಕನ್ನೂ ಮುದ್ದೆ ಮಾಡಿಕೊಂಡು ಹಿಂಬದಿಗೆ ಹೋಗಿ, ಗಂಡ ಕೂತಿದ್ದ ಒಲೆಯ ಬಾಯಿಗೆ ಎಸೆದಳು. ಒದ್ದೆ ಹತ್ತಿಬಟ್ಟೆ ಮೊದಲು ಹೊಗೆಯಾಡಿ, ಆಮೇಲೆ ಭಗ್ಗೆಂದು ಹತ್ತಿಕೊಂಡಿತು.

"ಏನಮ್ಮಿ ಇದು? ಏನ್ ಮಾಡ್ತಾ ಇದೀಯೆ?"

"ನಿಮ್ಮವ್ವುಂಗೆ ನೀರ್ ಹಾಕ್ತಾವ್ನಿ."

ಸೇತೊಕುವಿನ ಮುಖ ಬಿಳಿಚಿಕೊಂಡಿತು. "ತಲೆ ಕೆಟ್ಟದಾ ನಿಂಗೆ? ಸಾಹೇಬ್ರು ಬಂದಾಯ್ತು! ಒಲೆ ಕಿತ್ಕತಾರೆ, ಮನೆ ಕಿತ್ಕತಾರೆ. ಒಂದು ಕಾಲ್ನಾಗೆ ನಾನೆಲ್ಲಿಗ್ ಹೋಗ್ಲಿ? ಯಾವ್ ತೋಟದೋನು ನಂಗ್ ಕೆಲ್ಸ ಕೊಡ್ತಾನೆ? ಬ್ಯಾಡ ಕಣಮ್ಮಿ. ನಿನ್ನ ದಮ್ಮಯ್ಯ."

"ಅವ್ಳು ನನ್ನ ಹೆತ್ತೋಳಲ್ಲ ಕನಯ್ಯ. ನಿನ್ನ ಹೆತ್ತೋಳು."

ಸೇತೊಕು ಊರುಗೋಲು ಹಿಡಿದು ಎದ್ದ. ಹೊಡೆಯುತ್ತಾನೋ ಅಂದುಕೊಂಡಳು. ಅವನು ಅವಳ ಮುಖವನ್ನೂ ನೋಡಲಿಲ್ಲ. "ನಾನ್ ಇಲ್ಲಿಲ್ಲ. ನಾನೇನೂ ನೋಡ್ನಿಲ್ಲ," ಅನ್ನುತ್ತ ಕಟ್ಟಿಗೆಯ ರಾಶಿಯ ಹಿಂದೆ ಕುಂಟಿಕೊಂಡು ಹೋದ. ಹೋಗಲಿ ಅಂದುಕೊಂಡಳು ಮಕತೊ. ಅವನ ಮೇಲೆ ಸಿಟ್ಟೂ ಬರಲಿಲ್ಲ, ಅದಕ್ಕೆ ಹೊತ್ತಿರಲಿಲ್ಲ.

ಒಳಗೆ ಬಂದು ಅಗುಳಿ ಹಾಕಲು ನೋಡಿದಳು. ಆ ಬಾಗಿಲಿಗೆ ಅಗುಳಿಯೇ ಇರಲಿಲ್ಲ. ಇರಲಿ ಎಂದು ಬರೀ ಮುಚ್ಚಿಕೊಂಡಳು.

ಅವಸರ ಮಾಡಲಿಲ್ಲ. ತೊಟ್ಟಿಗೆ ಇಳಿಯುವ ಮುಂಚೆ ಮೈ ತೊಳೆಯಬೇಕು, ಅದು ಯಾರಿಗಾದರೂ ಒಂದೇ ಕ್ರಮ. ಅತ್ತೆಯ ನಿಲುವಂಗಿ ಬಿಚ್ಚಿಟ್ಟು, ಬಕೆಟ್ಟಿನಲ್ಲಿ ನೀರು ಮೊಗೆದು ಅವಳ ತಲೆಗೆ, ಬೆನ್ನಿಗೆ ಹೊಯ್ದಳು. ಒಣಗಿದ ಹೀರೆಯ ನಾರಿನಿಂದ ಕುತ್ತಿಗೆ, ಕಂಕುಳು, ಬತ್ತಿದ ಮೊಲೆಗಳ ಅಡಿ, ಕಾಲ್ಬೆರಳ ಸಂದಿ ಉಜ್ಜಿದಳು. ಕೊನೆಗೆ ಕೈಗಳನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಒಂದೊಂದೇ ಬೆರಳನ್ನು ತಿಕ್ಕಿದಳು. ಕೊಳೆ ಹೋದಂತೆ ಬಾಣದ ಮೊನೆಗಳು ಎದ್ದು ಬಂದವು. ನಕ್ಷತ್ರ ಬಂತು. ನೆಲಕ್ಕೆ ಹರಿದ ನೀರಿನಲ್ಲಿ ಕೊಳೆ ಇತ್ತು, ಸೋಪಿನ ನೊರೆ ಇತ್ತು. ಮಸಿ ಒಂದು ತೊಟ್ಟೂ ಇರಲಿಲ್ಲ.

ಆಮೇಲೆ ಮುದುಕಿಯನ್ನು ಮಗುವಿನ ಹಾಗೆ ಎತ್ತಿ ತೊಟ್ಟಿಗೆ ಇಳಿಸಿದಳು. ಉಶಿ ಗಂಟಲವರೆಗೂ ಮುಳುಗಿ, ಅಯ್ಯೋ ಎಂದು ಉಸಿರು ಬಿಟ್ಟಳು. ನೀರಿನ ತಳದಲ್ಲಿ ತನ್ನ ಪಾದಗಳನ್ನು ನೋಡಿ ನಕ್ಕಳು.

"ನನ್ ಕಾಲು ಕಾಣ್ತದೆ ಕನ್ಲಾ!"

"ನೋಡ್ಕೊ ಅತ್ತೆ, ಚೆಂದಾಗ್ ನೋಡ್ಕೊ."

"ನೀನೂ ಬಾ ಮಗಾ. ಒಬ್ಳೇ ಎಂಗಿರಾದು ಇಷ್ಟು ನೀರಲ್ಲಿ?"

ಮಕತೊ ಬಟ್ಟೆ ಬಿಚ್ಚಿ ಎಸೆದಳು. ಮೈಗೆ ನೀರು ಹೊಯ್ದುಕೊಂಡು ಉಜ್ಜಿಕೊಂಡಳು. ತೊಟ್ಟಿಗಿಳಿದು ಅತ್ತೆಯ ಪಕ್ಕ ಕೂತಳು. ಹೊತ್ತು ಹೊತ್ತು ಬಾತ ಹೆಗಲಿಗೆ ಬಿಸಿ ತಾಗಿದಾಗ ಅವಳಿಗೆ ಅಳು ಬಂತು. ಹವಾಯಿಗೆ ಬಂದಾಗಿನಿಂದ ದಿನಾ ಹೊತ್ತ ನೀರು ಇಷ್ಟು ಸುಖವಾಗಿರುತ್ತದೆಂದು ಅವಳಿಗೆ ಗೊತ್ತೇ ಇರಲಿಲ್ಲ. ಉಶಿ ತಲೆಯನ್ನು ಅಂಚಿಗೆ ಒರಗಿಸಿ, ಕಣ್ಣು ಮುಚ್ಚಿ, ತಮ್ಮೂರ ಮಾತಿನಲ್ಲಿ ಗುನುಗತೊಡಗಿದಳು. ಹಚ್ಚೆ ಚುಚ್ಚುವಾಗ ಹೆಂಗಸರು ಹೇಳುತ್ತಿದ್ದ ಹಾಡು. ಕ್ಯಾಂಪಿನಲ್ಲಿ ಆ ಭಾಷೆ ಆಡಿದರೆ ಹಂದಿ ಗುಟುರು ಹಾಕಿತು ಅನ್ನುತ್ತಿದ್ದರು. ಗುನುಗು ಸ್ವಲ್ಪ ಸ್ವಲ್ಪವೇ ಗಟ್ಟಿಯಾಯಿತು.

ಕಮಾನಿನ ಹತ್ತಿರದ ಸ್ವಾಗತದ ಭಾಷಣಗಳು ಮುಗಿದವು. ಹೊರಗೆ ಹೆಜ್ಜೆಗಳು, ಚಪ್ಪಾಳೆ, ಗುರುಗಳ ಸವಿಮಾತು. "ಹೀಗೆ ಬನ್ನಿ, ಹೀಗೆ. ಬಡವರ ಕ್ಯಾಂಪು, ಆದರೆ ನೀರು ಮಾತ್ರ ಶುದ್ಧವಾಗಿದೆ. ನಿಮಗೆಂದೇ ಕಾಯಿಸಿದ ಮೊದಲ ನೀರು..."

ಬಾಗಿಲು ಸರಿಯಿತು.

ಅಧಿಕಾರಿ ಹೆಗಲ ಮೇಲೆ ಹೊಸ ಟವೆಲು ಹಾಕಿಕೊಂಡು ನಿಂತಿದ್ದ. ಹಬೆ ಅವನ ಕನ್ನಡಕಕ್ಕೆ ಕವಿಯಿತು. ಅದನ್ನು ತೆಗೆದು ಒರೆಸಿ ಮತ್ತೆ ಹಾಕಿಕೊಂಡ. ತೊಟ್ಟಿಯ ಅಂಚಿನ ಮೇಲೆ ನಾಲ್ಕು ಕೈಗಳು ಸಾಲಾಗಿ ಇದ್ದವು, ತೊಳೆದ ಕೈಗಳು, ಬೆರಳು ಬೆರಳಿಗೂ ಕಪ್ಪು ಬಾಣ. ಹಿಂದೆ ನಿಂತಿದ್ದ ಬಿಳಿಯ ದೊರೆಗೆ ಇಬ್ಬರು ಜಪಾನಿ ಹೆಂಗಸರು ಮೀಯುತ್ತಿರುವುದು ಕಾಣಿಸಿತು. ಅವನು ಟೋಪಿ ಮುಟ್ಟಿ ಮುಖ ತಿರುಗಿಸಿಕೊಂಡ.

ಗುರುಗಳ ಬಾಯಿ ತೆರೆದದ್ದು ತೆರೆದೇ ಇತ್ತು. ತೊಯೊ ಅವರನ್ನು ತಳ್ಳಿಕೊಂಡು ಮುಂದೆ ಬಂದಳು.

"ಹಾಳಾಯ್ತು! ಎಲ್ಲ ಹಾಳಾಯ್ತು! ಎಳೀರೇ ಆಚೆಗೆ, ಜುಟ್ಟು ಹಿಡಿದು ಎಳೀರೇ ಮುಂಡೇರ್ನ! ಸುಮಿಯೆ! ಏನೇ ನೋಡ್ತಾ ನಿಂತಿದೀಯಾ? ಎಳಿ!"

ಸುಮಿಯೆ ಬಾಗಿಲ ಹತ್ತಿರವೇ ಇದ್ದಳು. ಅವಳ ತುಟಿಯ ಗಾಯ ಇನ್ನೂ ಮಾಗಿರಲಿಲ್ಲ. ಮಕತೊ ಅವಳನ್ನು ನೋಡಿದಳು. ಸುಮಿಯೆ ಕಣ್ಣು ತಗ್ಗಿಸಿ, ಕೈಯಲ್ಲಿದ್ದ ಬಾವುಟವನ್ನು ಸುರುಳಿ ಸುತ್ತತೊಡಗಿದಳು. ನಿಂತ ಜಾಗದಿಂದ ಕದಲಲಿಲ್ಲ.

ಉಶಿಯ ಹಾಡು ನಿಂತಿರಲಿಲ್ಲ.

ಮಕತೊ ನೀರಿನಲ್ಲಿ ಇನ್ನೂ ಸ್ವಲ್ಪ ಕೆಳಕ್ಕೆ ಜಾರಿ ಕೂತಳು. ಹೆಗಲು ಮುಳುಗಿತು.

"ತೊಯೊ ಅಕ್ಕ," ಅಂದಳು. "ಬಾಗ್ಲು ತಗ್ದು ಗಾಳಿ ಬುಟ್ರಿ. ನೀರು ಆರ್ತಾ ಅದೆ. ಒಲೆಗೆ ಇನ್ನೆರಡು ಕೊರಡು ಹಾಕಿ."

ತೊಯೊ ಅಲ್ಲಾಡಲಿಲ್ಲ, ಮುರಶಿಗೆ ಅಲ್ಲಾಡಲಿಲ್ಲ.

ಆಗ ಗೋಡೆಯ ಹಿಂದೆ, ಊರುಗೋಲು ನೆಲ ಕುಟ್ಟಿಕೊಂಡು ಬಂದ ಸದ್ದು ಕೇಳಿಸಿತು. ಒಲೆಯ ಬಾಯಿಗೆ ಯಾರೋ ಒಂದು ಕೊರಡನ್ನು ನೂಕಿದರು. ಸ್ವಲ್ಪ ತಡೆದು, ಇನ್ನೊಂದನ್ನು.